‘ಅಡ್ಡಿಲ್ಲ’ ಅಂದವರನ್ನು ನಿಲ್ಲಿಸಿ ನೋಡಿದಾಗ

ಶಿರಸಿ ಕಡೆ ಯಾರ ಮನೆಗೆ ಹೋಗಿ "ಹೇಗಿದ್ದೀರಿ?" ಅಂದರೂ ಉತ್ತರ ಒಂದೇ. "ಅಡ್ಡಿಲ್ಲ." ಮಂಡಿ ಊದಿಕೊಂಡಿದ್ದರೂ ಅಡ್ಡಿಲ್ಲ. ಮೊನ್ನೆ ಬಚ್ಚಲಲ್ಲಿ ಜಾರಿ ಗೋಡೆ ಹಿಡಿದು ಉಳಿದುಕೊಂಡಿದ್ದರೂ ಅಡ್ಡಿಲ್ಲ. ನಾನು ಫಿಸಿಯೋಥೆರಪಿಸ್ಟ್. ಸುತ್ತಲಿನ ಹಳ್ಳಿಗಳಿಗೆ ಮನೆಮನೆಗೆ ಹೋಗಿ ನೋಡುತ್ತೇನೆ. ತಿಂಗಳಿಗೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾ, ಕಾರವಾರದ ಕಡೆಗೂ ಹೋಗುತ್ತೇನೆ. ಶುರುವಿನ ವರ್ಷಗಳಲ್ಲಿ ಈ ‘ಅಡ್ಡಿಲ್ಲ’ವನ್ನು ನಂಬಿ ಬರೆದುಕೊಂಡು ಬರುತ್ತಿದ್ದೆ. ಈಗ ಕೇಳುವುದು ಕಡಿಮೆ, ನಿಲ್ಲಿಸಿ, ಕೂರಿಸಿ, ನಡೆಸಿ ನೋಡುವುದು ಜಾಸ್ತಿ.

ಮೊದಲ ಪರೀಕ್ಷೆ ಬಾಗಿಲಲ್ಲೇ ಮುಗಿಯುತ್ತದೆ. ನಾನು ಬಂದದ್ದು ನೋಡಿ ಅವರು ಜಗಲಿಯಿಂದ ಏಳುತ್ತಾರಲ್ವಾ, ಆಗ ಕೈ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇನೆ. ಮಂಡಿ ಮೇಲೋ, ಕಂಬಕ್ಕೋ? ಹೊಸ್ತಿಲು ದಾಟುವಾಗ ಚೌಕಟ್ಟು ಹಿಡಿಯುತ್ತಾರೋ? ಒಂದು ಮನೆಯಲ್ಲಿ ನಡುಮನೆಯ ಬಾಗಿಲ ಚೌಕಟ್ಟಿನ ಒಂದೇ ಜಾಗ, ನನ್ನ ಭುಜದ ಎತ್ತರಕ್ಕೆ, ಎಣ್ಣೆ ಹಚ್ಚಿದ ಹಾಗೆ ಕಪ್ಪಾಗಿ ಮಿರುಗುತ್ತಿತ್ತು. ಅಜ್ಜಿ ವರ್ಷಗಟ್ಟಲೆ ಅಲ್ಲೇ ಕೈ ಊರಿ ದಾಟಿದ್ದರು. ಮನೆಯವರು ಯಾರೂ ಗಮನಿಸಿರಲಿಲ್ಲ.

ಆಮೇಲೆ ಬಿಪಿ. ಹತ್ತು ನಿಮಿಷ ಮಲಗಿಸಿ ಒಂದು ಸಲ ನೋಡುತ್ತೇನೆ. ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೆ ನೋಡುತ್ತೇನೆ. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಆ ದಿನ ಬೇರೆ ಪರೀಕ್ಷೆ ಮಾಡುವುದಿಲ್ಲ. ಅಂಥವರಿಗೆ ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದು ರಕ್ತದೊತ್ತಡ ಕುಸಿಯುವುದರಿಂದ, ಕಾಲಿನ ದೋಷದಿಂದಲ್ಲ. ಮಾತ್ರೆಯ ಲೆಕ್ಕ ಮತ್ತೆ ನೋಡಲಿ ಅಂತ ಡಾಕ್ಟರ ಹತ್ತಿರ ಕಳಿಸುತ್ತೇನೆ.

ಬಿಪಿ ಸರಿ ಇದ್ದರೆ ಕುರ್ಚಿಯಿಂದ ಎದ್ದು ನಡೆಯುವ ಪರೀಕ್ಷೆ. ಇಂಗ್ಲಿಷಿನಲ್ಲಿ ಇದಕ್ಕೆ ಟೈಮ್ಡ್ ಅಪ್ ಆಂಡ್ ಗೋ ಅನ್ನುತ್ತಾರೆ. 1991ರಿಂದ ಬಳಕೆಯಲ್ಲಿದೆ. ಕುರ್ಚಿಯಿಂದ 3 ಮೀಟರ್ ದೂರಕ್ಕೆ ಒಂದು ಗೆರೆ. ಎದ್ದು, ಮಾಮೂಲಿ ನಡಿಗೆಯಲ್ಲಿ ಗೆರೆಯ ತನಕ ಹೋಗಿ, ತಿರುಗಿ, ವಾಪಸು ಬಂದು ಕೂರಬೇಕು. ನಾನು ಮೊಬೈಲಿನಲ್ಲಿ ಸಮಯ ನೋಡುತ್ತೇನೆ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ನಮ್ಮ ಮನೆಗಳಲ್ಲಿ ಗೆರೆ ಎಳೆಯಲು ರಂಗೋಲಿ ಪುಡಿ ಸಾಕು. ಕಷ್ಟ ಕುರ್ಚಿಯದು. ಪ್ಲಾಸ್ಟಿಕ್ ಕುರ್ಚಿ ನಯವಾದ ನೆಲದ ಮೇಲೆ ಹಿಂದೆ ಸರಿದುಬಿಡುತ್ತದೆ. ಅದಕ್ಕೇ ಅದರ ಬೆನ್ನನ್ನು ಗೋಡೆಗೆ ತಾಗಿಸಿಯೇ ಇಡುತ್ತೇನೆ. ಕೂರುವ ಎತ್ತರ ಸುಮಾರು 46 ಸೆಂಟಿಮೀಟರ್ ಇರಬೇಕು. ಜಗಲಿಕಟ್ಟೆ ಅದಕ್ಕಿಂತ ತಗ್ಗಿದ್ದರೆ ಲೆಕ್ಕವೇ ತಪ್ಪುತ್ತದೆ. ಟೈಲರ್ ಟೇಪು ಅದಕ್ಕಾಗಿಯೇ ಚೀಲದಲ್ಲಿದೆ.

ಸೆಕೆಂಡಿಗಿಂತ ನನಗೆ ಜಾಸ್ತಿ ತಿಳಿಸುವುದು ಆ ತಿರುಗುವ ಜಾಗ. ಚೆನ್ನಾಗಿರುವವರು ಎರಡು ಮೂರು ಹೆಜ್ಜೆಯಲ್ಲಿ ತಿರುಗಿಬಿಡುತ್ತಾರೆ. ಆಯ ತಪ್ಪುವ ಭಯ ಇರುವವರು ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಸುತ್ತು ಹಾಕುತ್ತಾರೆ. ತಲೆ, ಭುಜ, ಸೊಂಟ ಎಲ್ಲ ಒಂದೇ ಮರದ ತುಂಡಿನ ಹಾಗೆ ತಿರುಗುತ್ತದೆ. ಕೂರುವಾಗಲೂ ನೋಡಬೇಕು. ನಿಧಾನಕ್ಕೆ ಕೂತರೋ, ಧೊಪ್ಪನೆ ಬಿದ್ದರೋ? ಧೊಪ್ಪನೆ ಕೂತರೆ ತೊಡೆಯಲ್ಲಿ ಬಲ ಇಲ್ಲ ಅಂತಲೇ ಅರ್ಥ. ಆಮೇಲೆ ಅದೇ ನಡಿಗೆಯನ್ನು ಇನ್ನೊಂದು ಸಲ ಮಾಡಿಸುತ್ತೇನೆ, ಈ ಸಲ ಮಾತಾಡಿಸುತ್ತಾ. "ಶಿರಸಿಯಿಂದ ಕುಮಟಾಕ್ಕೆ ಹೋಗುವಾಗ ಯಾವ್ಯಾವ ಊರು ಸಿಗುತ್ತದೆ ಹೇಳುತ್ತಾ ನಡೆಯಿರಿ." ಕೆಲವರು ಊರು ನೆನಪು ಮಾಡಿಕೊಳ್ಳಲು ನಿಂತೇಬಿಡುತ್ತಾರೆ. ನಡೆಯುವುದಕ್ಕೇ ಅವರ ಪೂರ್ತಿ ಗಮನ ಬೇಕಾಗಿದೆ ಎಂದಾಯಿತು. ತೋಟಕ್ಕೆ ಹೋಗುವಾಗ ದಾರಿಯಲ್ಲಿ ಯಾರೋ ಕೂಗಿ ಮಾತಾಡಿಸಿದರೆ ಎಡವುವುದು ಇಂಥವರೇ.

30 ಸೆಕೆಂಡ್ ಕುರ್ಚಿ ಪರೀಕ್ಷೆ ಇನ್ನೂ ಸುಲಭ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಅಂತ ಎಣಿಸುವುದು. 70ರಿಂದ 74 ವಯಸ್ಸಿನ ಗಂಡಸರು 12ಕ್ಕಿಂತ ಕಡಿಮೆ, ಹೆಂಗಸರು 10ಕ್ಕಿಂತ ಕಡಿಮೆ ಮಾಡಿದರೆ ಸರಾಸರಿಗಿಂತ ಕೆಳಗೆ.

ಸಮತೋಲನಕ್ಕೆ ನಾಲ್ಕು ನಿಲುವು, ಒಂದೊಂದು 10 ಸೆಕೆಂಡ್. ಪಾದ ಜೋಡಿಸಿ ನಿಲ್ಲುವುದು ಮೊದಲನೆಯದು. ಎರಡನೆಯದರಲ್ಲಿ ಒಂದು ಪಾದ ಅರ್ಧ ಮುಂದೆ. ಮೂರನೆಯದರಲ್ಲಿ ಮುಂದಿನ ಹಿಮ್ಮಡಿಗೆ ಹಿಂದಿನ ಕಾಲ್ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಿಲ್ಲಬೇಕು. ಕೊನೆಗೆ ಒಂಟಿ ಕಾಲು. ಮೂರನೆಯದನ್ನು 10 ಸೆಕೆಂಡ್ ಹಿಡಿಯಲಾಗದವರಿಗೆ ಬೀಳುವ ಅಪಾಯ ಜಾಸ್ತಿ. ಆ ನಿಲುವನ್ನು ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ. "ಸಂಕದ ಮೇಲೆ ನಿಂತ ಹಾಗೆ ನಿಲ್ಲಿ" ಅಂದರೆ ಸಾಕು. ಅಡಿಕೆ ಮರದ ಕಾಂಡ ಜೋಡಿಸಿ ಹಳ್ಳಕ್ಕೆ ಹಾಕಿದ ಕಾಲುಸಂಕ ದಾಟಿ ಬೆಳೆದವರು ತಕ್ಷಣ ನಿಂತುಬಿಡುತ್ತಾರೆ. ನಾನು ಒಂದು ಕೈಯನ್ನು ಅವರ ಬೆನ್ನ ಹಿಂದೆ, ಇನ್ನೊಂದನ್ನು ಮುಂದೆ, ಮುಟ್ಟದ ಹಾಗೆ ಹಿಡಿದಿರುತ್ತೇನೆ. ಮನೆಯಲ್ಲಿ ಮಾಡಿ ನೋಡುವವರೂ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಿ, ಎದುರಿಗೆ ಅಡುಗೆಕಟ್ಟೆ ಇರಲಿ. ಒಬ್ಬರೇ ಇದ್ದಾಗ ಬೇಡ.

ಇಷ್ಟೆಲ್ಲ ಮಾಡಿಯೂ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ. 71 ವರ್ಷದ ಒಬ್ಬ ಅಜ್ಜ. ಸಕ್ಕರೆ ಕಾಯಿಲೆ 18 ವರ್ಷದಿಂದ. ನಡಿಗೆ ಪರೀಕ್ಷೆ 9 ಸೆಕೆಂಡ್. ಕುರ್ಚಿಯಿಂದ 13 ಸಲ ಎದ್ದರು. ಸಂಕದ ನಿಲುವು ಪೂರ್ತಿ 10 ಸೆಕೆಂಡ್. ಬೆಳಿಗ್ಗೆ ಹನ್ನೊಂದು ಗಂಟೆಗೆ, ಬಿಸಿಲು ಬಿದ್ದ ಜಗಲಿಯ ಮೇಲೆ ಇದೆಲ್ಲ ಆಯಿತು. ಅಪಾಯ ಕಡಿಮೆ ಅಂತ ಬರೆದು, ಚಾ ಕುಡಿದು ಬಂದೆ. ಮೂರು ವಾರ ಆದ ಮೇಲೆ ಫೋನ್ ಬಂತು. ತೋಟದಿಂದ ಬರುವಾಗ ಮಬ್ಬುಗತ್ತಲಲ್ಲಿ ಸಂಕದಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದರು.

ಪಟ್ಟಿ ಹಾಕಿಕೊಂಡ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಆಗಲೂ "ಅಡ್ಡಿಲ್ಲ" ಅಂದರು. ಆ ದಿನ ನಾನು ಮೊದಲೇ ಮಾಡಬೇಕಾಗಿದ್ದನ್ನು ಮಾಡಿದೆ. ಪಾದ ಜೋಡಿಸಿ ನಿಲ್ಲಿಸಿದೆ. ಕಣ್ಣು ತೆರೆದಿದ್ದಾಗ 30 ಸೆಕೆಂಡ್ ಅಲುಗಾಡಲಿಲ್ಲ. "ಈಗ ಕಣ್ಣು ಮುಚ್ಚಿ" ಅಂದೆ. ಒಂದು, ಎರಡು, ಮೂರು. ನಾಲ್ಕನೇ ಸೆಕೆಂಡಿಗೆ ಕಾಲ್ಬೆರಳುಗಳು ನೆಲವನ್ನು ಹಿಡಿದುಕೊಳ್ಳಲು ಮಡಚಿಕೊಂಡವು, ಮೈ ಎಡಕ್ಕೆ ಜೋಲಿ ಹೊಡೆಯಿತು. ಹಿಡಿದುಕೊಂಡೆ. ಟ್ಯೂನಿಂಗ್ ಫೋರ್ಕ್ ಬಡಿದು ಹೆಬ್ಬೆರಳ ಗಂಟಿಗೆ ಇಟ್ಟೆ. 128 ಹರ್ಟ್ಸಿನದು, ಇಟ್ಟಲ್ಲಿ ಎಲುಬು ಝುಂ ಅನ್ನುತ್ತದೆ. "ಏನಾದರೂ ಗೊತ್ತಾಗುತ್ತಾ?" "ತಣ್ಣಗಿದೆ." ನಡುಕ ಗೊತ್ತಾಗುತ್ತಿರಲಿಲ್ಲ. ಪಾದದ ಗಿಣ್ಣಿನಲ್ಲೂ ಇಲ್ಲ. ಮಂಡಿಯ ಕೆಳಗೆ ಇಟ್ಟಾಗ ಮಾತ್ರ ಮುಖ ಎತ್ತಿ ನೋಡಿ, "ಹಾಂ, ಇಲ್ಲಿ" ಅಂದರು.

ಮೈ ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣು, ಒಳಗಿವಿ, ಆಮೇಲೆ ಪಾದ ಮತ್ತು ಕೀಲುಗಳ ನರ. ಅಜ್ಜನ ಪಾದದಿಂದ ಸುದ್ದಿ ಬರುವುದು ಯಾವಾಗಲೋ ನಿಂತುಹೋಗಿತ್ತು. ಆ ಕೆಲಸವನ್ನೂ ಕಣ್ಣೇ ಮಾಡುತ್ತಿತ್ತು. ಹಗಲಿನಲ್ಲಿ ಎಲ್ಲ ಪರೀಕ್ಷೆಯಲ್ಲೂ ಪಾಸು. ಕತ್ತಲಾದ ಕೂಡಲೇ ಎರಡು ದಾರಿ ಒಟ್ಟಿಗೆ ಮುಚ್ಚಿತು. ಈ ಕಣ್ಣು ಮುಚ್ಚುವ ಪರೀಕ್ಷೆ ಹೊಸದೇನಲ್ಲ. 19ನೇ ಶತಮಾನದ ಜರ್ಮನ್ ವೈದ್ಯ ಮೊರಿಟ್ಜ್ ರೋಂಬರ್ಗ್ ಹೆಸರಿನಲ್ಲೇ ಇದೆ. ಕಾಲೇಜಿನಲ್ಲಿ ಓದಿದ್ದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದನ್ನು ಬಿಟ್ಟುಬಿಡಬಾರದು ಅಂತ ನನಗೆ ಮನದಟ್ಟಾದದ್ದು ಅಜ್ಜನ ಕೈ ಮುರಿದ ಮೇಲೆ. ಈಗ ಯಾರ ಮನೆಗೆ ಹೋದರೂ ಕಣ್ಣು ಮುಚ್ಚಿಸದೆ ವಾಪಸು ಬರುವುದಿಲ್ಲ.

ಕೀಲಿನ ಪರೀಕ್ಷೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಗೋಡೆಗೆ ಮಂಡಿ ತಾಗಿಸುವುದು. ಗೋಡೆಯ ಎದುರು ಪಾದ ಊರಿ, ಹಿಮ್ಮಡಿ ಏಳದ ಹಾಗೆ ಮಂಡಿಯನ್ನು ಮುಂದೆ ತಂದು ಗೋಡೆಗೆ ತಾಗಿಸಬೇಕು. ತಾಗಿತಾ, ಪಾದ ಸ್ವಲ್ಪ ಹಿಂದೆ. ಮತ್ತೆ ತಾಗಿಸಿ. ಹಿಮ್ಮಡಿ ಏಳುವ ಮುಂಚಿನ ಕೊನೆಯ ಜಾಗದಲ್ಲಿ ಹೆಬ್ಬೆರಳಿಂದ ಗೋಡೆಗೆ ಎಷ್ಟು ಸೆಂಟಿಮೀಟರ್ ಅಂತ ಅಳೆಯುವುದು. 10ರ ಆಸುಪಾಸು ಇದ್ದರೆ ಒಳ್ಳೆಯದು. ಒಂದು ಸೆಂಟಿಮೀಟರ್ ಅಂದರೆ ಗಿಣ್ಣಿನ ಬಾಗುವಿಕೆಯಲ್ಲಿ ಸುಮಾರು 3.6 ಡಿಗ್ರಿ. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಬೇಡ, ಅಳೆಯುವವರು ಬದಲಾದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ಅಡಿಕೆಯ ಕೊನೆಕೊಯ್ಲಿಗೆ ಇನ್ನೊಂದು ತಿಂಗಳಿದೆ ಅನ್ನುವಾಗ, ಕೊನೆ ಕೊಯ್ಯುವ ಒಬ್ಬ ಕೊನೆಗೌಡರು ಸೊಂಟ ನೋವು ಅಂತ ಬಂದರು. ಕಾಲಿಗೆ ತಳೆ ಹಾಕಿ ಮರ ಏರಿ, ಮರದಿಂದ ಮರಕ್ಕೆ ಬಾಗಿಸಿ ದಾಟುವವರು. ಸೊಂಟದಲ್ಲಿ ಏನೂ ಸಿಗಲಿಲ್ಲ. ಗೋಡೆಯ ಹತ್ತಿರ ನಿಲ್ಲಿಸಿದೆ. ಎಡಗಾಲು 11 ಸೆಂಟಿಮೀಟರ್. ಬಲಗಾಲು 4. "ಈ ಕಾಲು ಯಾವಾಗಲಾದರೂ ಉಳುಕಿತ್ತಾ?" ಆರು ವರ್ಷದ ಹಿಂದೆ ಉಳುಕಿತ್ತು, ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ನಾಲ್ಕನೇ ದಿನಕ್ಕೆ ಮರ ಹತ್ತಿದ್ದರು. ಅಂದಿನಿಂದ ಬಲ ಗಿಣ್ಣು ಬಾಗುತ್ತಿರಲಿಲ್ಲ. ಅದು ಮಾಡದ ಕೆಲಸ ಸೊಂಟದ ಮೇಲೆ ಬೀಳುತ್ತಿತ್ತು. ಗಿಣ್ಣು ಸಡಿಲಿಸುವುದನ್ನು ನಾನು ಮಾಡಿದೆ. ದಿನಾ ಎರಡು ಹೊತ್ತು ಮನೆಯ ಗೋಡೆಗೆ ಮಂಡಿ ತಾಗಿಸುವುದನ್ನು ಅವರು ಮಾಡಿದರು. ಆರು ವಾರಕ್ಕೆ ಏಳೂವರೆ ಸೆಂಟಿಮೀಟರ್ ಆಯಿತು. ಸೊಂಟ ನೋವು ಪೂರ್ತಿ ಹೋಗಿಲ್ಲ, ಆದರೆ ಆ ವರ್ಷದ ಕೊಯ್ಲು ಮುಗಿಸಿದರು.

ಕಾರವಾರದಲ್ಲಿ ನೋಡಿದ್ದು ಬೇರೆಯೇ. ಅಲ್ಲಿ ಮೀನು ಮಾರುವ 66 ವರ್ಷದ ಒಬ್ಬ ಹೆಂಗಸು ಬುಟ್ಟಿಯ ಹಿಂದೆ ಕುಕ್ಕರಗಾಲಲ್ಲಿ ಅರ್ಧ ದಿನ ಕೂರುತ್ತಾರೆ. ನೆಲಕ್ಕೆ ಕೂತು ಏಳುವ ಪರೀಕ್ಷೆ ಅವರಿಗೆ ಮಾಡಿಸಿದೆ. ಬ್ರೆಜಿಲಿನ ಡಾಕ್ಟರೊಬ್ಬರು ಬಳಕೆಗೆ ತಂದದ್ದು ಅದು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈಯೋ ಮಂಡಿಯೋ ಊರಿದರೆ ಪ್ರತಿ ಸಲ ಒಂದು ಅಂಕ ಕಡಿಮೆ, ಜೋಲಿ ಹೊಡೆದರೆ ಅರ್ಧ. ಮಂಡಿ ಸವೆದವರಿಗೆ, ಸೊಂಟ ಅಥವಾ ಮಂಡಿಯ ಆಪರೇಷನ್ ಆದವರಿಗೆ ಇದನ್ನು ನಾನು ಮಾಡಿಸುವುದೇ ಇಲ್ಲ. ಇವರು ಒಂದೇ ಕೈ ಊರಿ ಎದ್ದರು, 9. ಊಟದ ಪಂಕ್ತಿ ಬಿಟ್ಟು ಮೇಜಿಗೆ ಹೋದ ಮನೆಗಳಲ್ಲಿ ಐವತ್ತರವರಿಗೂ ಈ ಅಂಕ ಬರುವುದು ಕಷ್ಟ.

ಆದರೆ ಅವರು ಬಂದದ್ದು ಕಾಲಿಗಲ್ಲ. "ಮುಡಿಗೆ ಅಬ್ಬಲಿ ದಂಡೆ ಮುಡಿಯಲಿಕ್ಕೆ ಆಗೋದಿಲ್ಲ" ಅಂದರು. ಬಲಗೈ ಕತ್ತಿನ ಹಿಂದಕ್ಕೆ ಹೋಗುತ್ತಲೇ ಇರಲಿಲ್ಲ. ಇಂಥಲ್ಲಿ ಒಂದು ವಿಷಯ ಬೇರೆ ಮಾಡಿ ನೋಡಲೇಬೇಕು. ಅವರೇ ಎತ್ತಿದರೆ ಎಷ್ಟು ಬರುತ್ತದೆ, ಅವರು ಸುಮ್ನೆ ಬಿಟ್ಟು ನಾನು ಎತ್ತಿದರೆ ಎಷ್ಟು ಬರುತ್ತದೆ? ನಾನು ಎತ್ತಿದಾಗ ಪೂರ್ತಿ ಬಂದರೆ ಕೀಲು ಸರಿ ಇದೆ, ಸ್ನಾಯುವಿನಲ್ಲೋ ಅದರ ಹುರಿಯಲ್ಲೋ ತೊಂದರೆ. ನಾನು ಎತ್ತಿದಾಗಲೂ ಅಲ್ಲಿಗೇ ನಿಂತರೆ ಕೀಲೇ ಬಿಗಿದಿದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮುಂಗೈಯನ್ನು ಹೊರಗೆ ತಿರುಗಿಸಿದೆ. 80 ಡಿಗ್ರಿಯಷ್ಟು ಹೋಗಬೇಕಾದದ್ದು 15ಕ್ಕೆ, ಗೋಡೆಗೆ ತಾಗಿದ ಹಾಗೆ ನಿಂತಿತು. ಬಿಗಿದ ಭುಜದಲ್ಲಿ ಈ ಹೊರತಿರುವೇ ಎಲ್ಲಕ್ಕಿಂತ ಜಾಸ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಹೀಗೆ ಭುಜ ಬಿಗಿಯುವುದು ಹೆಚ್ಚು ಅಂತ ಗೊತ್ತಿದ್ದರಿಂದ ರಕ್ತ ಪರೀಕ್ಷೆಗೆ ಕಳಿಸಿದೆ. ಸಕ್ಕರೆ ಇತ್ತು, ಅವರಿಗೆ ಗೊತ್ತೇ ಇರಲಿಲ್ಲ.

ಬಾಗದಿರುವುದಷ್ಟೇ ತೊಂದರೆ ಅಂದುಕೊಳ್ಳಬೇಡಿ. ಹೊನ್ನಾವರ ಕಡೆ ಯಕ್ಷಗಾನ ಕಲಿಯುವ ಒಬ್ಬ ಹುಡುಗಿಗೆ, ಮಂಡಿ ಊರಿ ಸುತ್ತುವ ಮಂಡಿ ಕುಣಿತ ಆದ ರಾತ್ರಿಯೆಲ್ಲ ಮಂಡಿ ನೋವು. ಅವಳ ಕೀಲುಗಳು ಎಷ್ಟು ಸಲೀಸು ಅಂತ ಮನೆಯವರಿಗೆ ಹೆಮ್ಮೆ. ಕೀಲು ಎಷ್ಟು ಸಡಿಲ ಅಂತ ತಿಳಿಸುವ ಬೈಟನ್ ಅಂಕ ನೋಡಿದೆ, 1973ರಿಂದ ಇರುವುದು. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟುತ್ತಾ, ಹೆಬ್ಬೆರಳು ಮುಂಗೈಗೆ ತಾಗುತ್ತಾ, ಮೊಣಕೈ ಮತ್ತು ಮಂಡಿ ಹಿಂದಕ್ಕೆ 10 ಡಿಗ್ರಿಗಿಂತ ಜಾಸ್ತಿ ಬಾಗುತ್ತಾ ಅಂತ ಎರಡೂ ಕಡೆ, ಮತ್ತೆ ಮಂಡಿ ಮಡಚದೆ ಅಂಗೈ ನೆಲಕ್ಕೆ. ಒಟ್ಟು 9. ಅವಳಿಗೆ 7 ಬಂತು. ಕೀಲು ಸಡಿಲ, ಅದನ್ನು ಹಿಡಿದಿಡುವ ತೊಡೆಗೆ ಬಲ ಇಲ್ಲ. ಎಳೆಯುವ ವ್ಯಾಯಾಮ ನಿಲ್ಲಿಸಿ ಬಲದ ವ್ಯಾಯಾಮ ಕೊಟ್ಟೆ. ಗುರುಗಳು ಒಪ್ಪಿ ಮೂರು ತಿಂಗಳು ಮಂಡಿ ಕುಣಿತ ಬಿಡಿಸಿದರು.

ಅಜ್ಜನ ಮನೆಗೆ ಕಳೆದ ಮಳೆಗಾಲದ ಮುಂಚೆ ಮತ್ತೆ ಹೋಗಿದ್ದೆ. ಕಣ್ಣು ಮುಚ್ಚಿ ಈಗ 9 ಸೆಕೆಂಡ್ ನಿಲ್ಲುತ್ತಾರೆ. ಪಾದದ ಸ್ಪರ್ಶ ವಾಪಸು ಬಂದಿಲ್ಲ. ದಿನಾ ಗೋಡೆ ಪಕ್ಕ ನಿಂತು ಅಭ್ಯಾಸ ಮಾಡುತ್ತಾರೆ. ದಿನಾ ರಾತ್ರಿ ಸೊಸೆ ಅವರ ಅಂಗಾಲು ನೋಡುತ್ತಾಳೆ, ಗಾಯ ಆದರೆ ಅವರಿಗೆ ಗೊತ್ತಾಗುವುದಿಲ್ಲವಲ್ಲ. ಮಗ ಸಂಕದ ಎರಡೂ ಬದಿಗೆ ಬಿದಿರು ಕಟ್ಟಿದ್ದಾನೆ. ಬಾಗಿಲ ಹತ್ತಿರದ ಮೊಳೆಗೆ ಒಂದು ತಲೆಟಾರ್ಚ್ ನೇತುಹಾಕಿದ್ದಾರೆ. ಹೊರಡುವಾಗ "ಹೇಗಿದ್ದೀರಿ ಅಜ್ಜ?" ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಬೆಳಕಿದ್ದರೆ ಅಡ್ಡಿಲ್ಲ" ಅಂದರು.