ಪಾರ್ಶ್ವವಾಯು ಆದವರಿಗೆ ಗಂಜಿ ಉಣಿಸುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮೊದಲು ಕೊಡುವುದು ಕುಚ್ಚಲಕ್ಕಿ ಗಂಜಿ. ಜ್ವರದವರಿಗೆ ಅದು ಸರಿ. ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿ ಕುಂದಿದವರಿಗೆ ಮಾತ್ರ ಅಗುಳು ತೇಲುವ ಗಂಜಿ ಅಪಾಯ. ಅಗುಳು ಇನ್ನೂ ಬಾಯಲ್ಲಿರುವಾಗಲೇ ತಿಳಿ ಗಂಟಲಿಗೆ ಜಾರಿ ಶ್ವಾಸನಾಳಕ್ಕೆ ಇಳಿಯಬಹುದು. ಅದು ನ್ಯುಮೋನಿಯಾಕ್ಕೆ ದಾರಿ.

ಆದ್ದರಿಂದ ಡಿಸ್ಚಾರ್ಜ್ ಆಗುವ ಮೊದಲೇ ನುಂಗುವಿಕೆಯ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಇದನ್ನು ಮಾಡುವವರು ಸಾಮಾನ್ಯವಾಗಿ ಸ್ಪೀಚ್ ಥೆರಪಿಸ್ಟ್. ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ, ಮಣಿಪಾಲದಲ್ಲಿ ಇದರ ವಿಭಾಗಗಳಿವೆ. ನುಣ್ಣಗೆ ಅರೆದ ಆಹಾರ ಕೊಡಬಹುದು ಎಂದು ಅವರು ಹೇಳಿದ್ದರೆ ಮಾತ್ರ ಮುಂದಿನ ಕ್ರಮ.

ಅಕ್ಕಿಯನ್ನು ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ. ಒಂದು ಬಟ್ಟಲು ಅನ್ನಕ್ಕೆ ಅರ್ಧ ಬಟ್ಟಲು ತಿಳಿ ಹಾಕಿ ಮಿಕ್ಸಿಯಲ್ಲಿ ಅರೆದು, ಜರಡಿಯಲ್ಲಿ ಸೋಸಿ. ಕುಚ್ಚಲಕ್ಕಿಯ ಕೆಂಪು ತೌಡು ಗಂಟಲಿಗೆ ಅಂಟುವುದರಿಂದ ಸೋಸುವುದನ್ನು ಬಿಡಬೇಡಿ. ಈಗ ಚಮಚದಲ್ಲಿ ತೆಗೆದು ಓರೆ ಮಾಡಿ: ಆಕಾರ ಕೆಡದೆ ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು. ಹರಿದರೆ ತೆಳು, ಚಮಚಕ್ಕೇ ಕಚ್ಚಿಕೊಂಡರೆ ಅಂಟು, ಎರಡೂ ಬೇಡ. ಆರಿದಂತೆ ಗಂಜಿ ಗಟ್ಟಿಯಾಗಿ ಅಂಟಾಗುತ್ತದೆ. ಎಂಜಲು ಚಮಚ ಅದ್ದಿದರೆ ಜೊಲ್ಲಿನ ಕಿಣ್ವ ಪಿಷ್ಟವನ್ನು ಒಡೆದು ನೀರು ಬಿಡಿಸುತ್ತದೆ. ಹಾಗಾಗಿ ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಡಿಸಿಕೊಳ್ಳಿ. ರಾಗಿಯಿಂದ ಮಾಡುವ ಮೆತ್ತನೆಯ ಸಿಹಿ ತಿನಿಸಾದ ಮಣ್ಣಿಗೂ ಇದೇ ಪರೀಕ್ಷೆ. ಬಸಳೆಯ ನಾರು, ಉದುರುವ ಇಡ್ಲಿ, ಮುಳ್ಳಿರುವ ಮೀನು ಸದ್ಯಕ್ಕೆ ಬೇಡ.

ರೋಗಿ ಪೂರ್ತಿ ಎಚ್ಚರವಾಗಿರಬೇಕು. ತೂಕಡಿಸುವವರಿಗೆ ಒಂದು ತುತ್ತೂ ಬೇಡ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಪಾದ ನೆಲಕ್ಕೆ ತಾಗಿರಲಿ, ಸೋತ ಬದಿಗೆ ದಿಂಬಿನ ಆಸರೆ ಕೊಡಿ. ಉಣಿಸುವವರೂ ಎದುರು ಕೂತೇ ಉಣಿಸಬೇಕು. ನಿಂತರೆ ರೋಗಿ ಗದ್ದ ಎತ್ತುತ್ತಾರೆ, ಆಗ ಶ್ವಾಸನಾಳದ ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ಟಿವಿ ಆರಿಸಿ, ಮಾತಾಡಿಸಬೇಡಿ.

ಅರ್ಧ ಟೀ ಚಮಚದಿಂದ ಶುರು ಮಾಡಿ, ಬಲವಿರುವ ಬದಿಯ ಕೆನ್ನೆಗೆ ಹಾಕಿ. ಗಂಟಲ ಗಂಟು ಮೇಲೇರಿ ಇಳಿದರೆ ನುಂಗಿದ್ದಾರೆ ಎಂದರ್ಥ. ಅಲ್ಲಿಯವರೆಗೆ ಮುಂದಿನ ಚಮಚ ಇಲ್ಲ. ನುಂಗಿದ ಮೇಲೆ ನಡುನಡುವೆ ‘ಆ’ ಎನ್ನಿಸಿ. ದನಿ ನೀರು ತುಂಬಿದಂತೆ ಗುಳುಗುಳು ಎಂದರೆ, ಕೆಮ್ಮು ಬಂದರೆ, ಅಲ್ಲಿಗೇ ನಿಲ್ಲಿಸಿ.

ಮುಗಿದ ಮೇಲೆ ಟಾರ್ಚ್ ಹಾಕಿ ಸೋತ ಬದಿಯ ಕೆನ್ನೆ ನೋಡಿ. ಅಲ್ಲಿ ಉಳಿದ ಗಂಜಿ ರೋಗಿಗೆ ಗೊತ್ತಾಗದೆ ಇರಬಹುದು, ಮಲಗಿದಾಗ ಗಂಟಲಿಗೆ ಇಳಿಯಬಹುದು. ಒದ್ದೆ ಗಾಜ್‌ನಿಂದ ಒರೆಸಿ ತೆಗೆಯಿರಿ. ಕನಿಷ್ಠ 30 ನಿಮಿಷ ಕೂತೇ ಇರಲಿ. ದಿನಕ್ಕೆ 2 ಬಾರಿ ಹಲ್ಲು, ನಾಲಿಗೆ ಉಜ್ಜಿ. ಕೊಳಕು ಬಾಯಿಯ ಜೊಲ್ಲು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಆಗಬಹುದು. ಈ ಕೆಲಸವನ್ನು ಊಟದಷ್ಟೇ ಮುಖ್ಯ ಎಂದುಕೊಳ್ಳಿ.

ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡಲು ಹಾಕಿದ ನಳಿಕೆ (ರೈಲ್ಸ್ ಟ್ಯೂಬ್) ಜಾರಿ ಹೊರಬಂದರೆ ಮನೆಯಲ್ಲಿ ಮತ್ತೆ ತೂರಿಸಬಾರದು. ಉಸಿರು ಕಟ್ಟಿ ಕೆಮ್ಮಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲೆ ಭುಜದ ಎಲುಬುಗಳ ನಡುವೆ ಅಂಗೈ ಬುಡದಿಂದ 5 ಬಾರಿ ಬಲವಾಗಿ ತಟ್ಟಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕೆಲವರಿಗೆ ಆಹಾರ ಶ್ವಾಸಕೋಶಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ಕಾರಣ ಕಾಣದ ಜ್ವರ, ಏದುಸಿರು, ಕಫ ಹೆಚ್ಚಾಗುವುದು ಕಂಡರೆ ಬಾಯಿಯಿಂದ ಕೊಡುವುದನ್ನು ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಿ.