ಮಳೆಗಾಲದಲ್ಲಿ ಕುಂದಾಪುರಕ್ಕೆ ಸಂಸಾರ ಸಮೇತ ಹೊರಡುವವರಿಗೆ

ಗಲ್ಫ್ ದೇಶಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಹಾಗಾಗಿ ಅಲ್ಲಿ ನೆಲೆಸಿರುವ ನಮ್ಮವರು ಊರಿಗೆ ಬರುವುದೂ, ಅವರನ್ನು ಕಾಣುವ ನೆಪದಲ್ಲಿ ಬೆಂಗಳೂರು, ಮೈಸೂರಿನ ಬಂಧುಗಳು ನಾಲ್ಕು ದಿನ ಕಡಲ ಬದಿಯಲ್ಲಿ ಇದ್ದು ಹೋಗೋಣವೆಂದು ಘಟ್ಟ ಇಳಿಯುವುದೂ ಜಡಿಮಳೆಯ ಕಾಲದಲ್ಲೇ ಆಗಿಬಿಡುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುವ ಜಿಲ್ಲೆ ನಮ್ಮ ಉಡುಪಿ. ಮಳೆ ಬಿಡಲಿ ಎಂದು ಕಾಯುತ್ತ ಕೂತವರಿಗೆ ರಜೆಯೆಲ್ಲ ಕಿಟಕಿಯ ಬಳಿಯೇ ಕಳೆದುಹೋಗುತ್ತದೆ. ಒಂದೇ ಕಡೆ ಬಿಡಾರ ಹೂಡಿ, ದಿನಕ್ಕೆ ಒಂದೇ ತಿರುಗಾಟ ಇಟ್ಟುಕೊಂಡು, ಉಳಿದ ಹೊತ್ತನ್ನು ಅಡುಗೆಮನೆಗೂ ಜಗಲಿಗೂ ಬಿಟ್ಟವರು ಮಾತ್ರ ಸುಖಪಡುತ್ತಾರೆ.

ಆದ್ದರಿಂದ ತಂಗುವ ಮನೆಯನ್ನು ಆರಿಸುವಾಗ ಕಡಲು ಕಾಣುತ್ತದೆಯೇ ಎಂದು ಕೇಳುವುದಕ್ಕಿಂತ ಮೊದಲು ಅಗಲವಾದ ಜಗಲಿ ಇದೆಯೇ, ಮಾಡಿನಡಿಯಲ್ಲಿ ಬಟ್ಟೆ ಹರಗಲು ಹಗ್ಗ ಕಟ್ಟುವ ಜಾಗವಿದೆಯೇ, ಬಚ್ಚಲಲ್ಲಿ ಸೌದೆಯ ಒಲೆ ಉಂಟೇ, ಕರೆಂಟು ಹೋದರೆ ಏನು ವ್ಯವಸ್ಥೆ ಎಂದು ವಿಚಾರಿಸಿಕೊಳ್ಳಿ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಅರ್ಧ ದಿನ ದೀಪವಿಲ್ಲದೆ ಇರಬೇಕಾಗಬಹುದು. ಟಾರ್ಚು, ಮೊಬೈಲಿಗೆ ಪವರ್ ಬ್ಯಾಂಕು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಬೆಂಕಿಪೆಟ್ಟಿಗೆ ಕೈಗೆಟಕುವಂತಿರಲಿ.

ಬಟ್ಟೆಯ ವಿಷಯದಲ್ಲಿ ಘಟ್ಟದ ಮೇಲಿನವರು ಮಾಡುವ ಮೊದಲ ತಪ್ಪು ಜೀನ್ಸ್ ಮತ್ತು ದಪ್ಪ ಟರ್ಕಿ ಟವೆಲುಗಳನ್ನು ತುಂಬಿಕೊಂಡು ಬರುವುದು. ಅವು ಒಮ್ಮೆ ಒದ್ದೆಯಾದರೆ ನೀವು ಊರು ಬಿಡುವವರೆಗೂ ಒಣಗುವುದಿಲ್ಲ, ಎರಡನೆಯ ದಿನದಿಂದ ಮುಗ್ಗಲು ವಾಸನೆ ಬೇರೆ. ನಮ್ಮಲ್ಲಿ ಎಲ್ಲರೂ ಬಳಸುವ ತೆಳು ನೂಲಿನ ಟವೆಲನ್ನೇ, ಅಂದರೆ ಬೈರಾಸನ್ನೇ, ತಲೆಗೆ ಎರಡರಂತೆ ತನ್ನಿ. ಒಗೆದ ಬಟ್ಟೆಯನ್ನು ಒಣಗಿದ ಬೈರಾಸಿನ ಮೇಲೆ ಹಾಸಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ, ಇಬ್ಬರು ಎರಡು ತುದಿ ಹಿಡಿದು ಬಲವಾಗಿ ಹಿಂಡಿದರೆ ಉಳಿದ ನೀರೆಲ್ಲ ಬೈರಾಸಿಗೆ ಇಳಿಯುತ್ತದೆ; ಅನಂತರ ಫ್ಯಾನಿನ ಕೆಳಗೆ ಒಂದಕ್ಕೊಂದು ತಾಗದಂತೆ ಹರಗಿದರೆ ಬೆಳಗಾಗುವಷ್ಟರಲ್ಲಿ ತೊಡುವ ಹದಕ್ಕೆ ಬರುತ್ತದೆ. ಸ್ವಲ್ಪ ತಂಪು ಉಳಿದಿದ್ದರೆ ಇಸ್ತ್ರಿಪೆಟ್ಟಿಗೆ ಇದೆಯಲ್ಲ. ಬೂಟುಗಳನ್ನು ಮನೆಯಲ್ಲೇ ಬಿಟ್ಟು ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಆದರೆ ಅಟ್ಟೆ ಸವೆದದ್ದು ಬೇಡ. ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಳ್ಳುವವರು ಪ್ರತಿ ಮಳೆಗಾಲದಲ್ಲೂ ಇದ್ದೇ ಇರುತ್ತಾರೆ. ಕಾಲಿನಲ್ಲಿ ಗಾಯವಿದ್ದರೆ ನಿಂತ ಕೆಸರು ನೀರಿಗೆ ಇಳಿಯಬಾರದು, ಇಲಿಜ್ವರ ಬರುವುದು ಆ ದಾರಿಯಲ್ಲೇ.

ಪ್ರಯಾಣಕ್ಕೆ ನನ್ನ ಒಲವು ರೈಲಿನ ಕಡೆಗೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಂದಾಪುರದಲ್ಲಿ ನಿಲ್ಲುತ್ತದೆ. ಗಂಗೊಳ್ಳಿಯ ಬಳಿ ಕಡಲು ಸೇರುವ ಐದು ಹೊಳೆಗಳಿಂದ ಬಂದ ಹೆಸರದು. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ಗಾಡಿಗಳು ವೇಗ ತಗ್ಗಿಸಿ ಓಡುತ್ತವೆ. ಟಿಕೆಟಿನ ಮೇಲಿನ ಸಮಯವನ್ನು ಹೊರಡುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಕಾರಿನಲ್ಲೇ ಬರುವುದಾದರೆ ಶಿರಾಡಿ, ಚಾರ್ಮಾಡಿ, ಆಗುಂಬೆ, ಯಾವ ಘಾಟಿಯಾದರೂ ಗುಡ್ಡ ಜರಿದು ಮುಚ್ಚಬಹುದಾದ್ದರಿಂದ ಹಗಲಲ್ಲೇ ದಾಟುವಂತೆ ಹೊರಡಬೇಕು.

ಕಡಲನ್ನು ನೋಡಬೇಕು, ಇಳಿಯಬಾರದು. ಮೊಣಕಾಲುದ್ದದ ನೀರು ಎಂದು ಮಕ್ಕಳನ್ನು ಬಿಡುವವರಿಗೆ, ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆಂಬುದು ತಿಳಿದಿರುವುದಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಬೊಬ್ಬಿರಿಯುವ ಅರಬ್ಬಿ ಕಡಲು. ವಾಹನವನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಕಲ್ಲುಗಳ ಮೇಲೆ ಹತ್ತದೆ ದೂರದಿಂದಲೇ ನೋಡಿದರೂ ಮನಸ್ಸು ತುಂಬುತ್ತದೆ. ಮಳೆ ಬಿಡದ ದಿನಕ್ಕೆ ಆನೆಗುಡ್ಡೆ ಗಣಪತಿ ಹತ್ತಿರವಿದೆ, ಕೊಲ್ಲೂರಿಗೆ ಅರ್ಧ ದಿನ ಸಾಕು.

ಊಟದ ವಿಷಯಕ್ಕೆ ಬಂದರೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ದಿನಗಳಲ್ಲಿ ಹೋಟೆಲಿನಲ್ಲಿ ಅಂಜಲ್ ಮೀನು ಸಿಕ್ಕಿತೆಂದರೆ ಅದು ಶೀತಲಗೃಹದ್ದೋ, ಜೂನ್ 14ಕ್ಕೇ ನಿಷೇಧ ಮುಗಿಯುವ ಪೂರ್ವ ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬಂದದ್ದೋ ಇರಬೇಕು. ದುಬಾರಿ ಬೆಲೆ ತೆರುವ ಬದಲು ನಾಡದೋಣಿಯವರು ತಂದದ್ದನ್ನೂ ಹೊಳೆಮೀನನ್ನೂ ಕೇಳಿ. ಮೀನು ತಿನ್ನದವರಿಗಂತೂ ಇದು ಹಬ್ಬದ ಕಾಲ: ಕಳಲೆ, ಹಲಸಿನ ಹಣ್ಣಿನ ಕಡುಬು, ಎಲ್ಲಕ್ಕಿಂತ ಮಿಗಿಲಾಗಿ ಪತ್ರೊಡೆ. ಮಕ್ಕಳನ್ನು ಕೂರಿಸಿಕೊಂಡು ಪತ್ರೊಡೆ ಮಾಡಿದರೆ ಒಂದು ಮಧ್ಯಾಹ್ನ ಸಲೀಸಾಗಿ ಕಳೆಯುತ್ತದೆ. ಕೆಸುವಿನ ಎಲೆಯ ಹಿಂಬದಿಯ ದಪ್ಪ ನಾರನ್ನು ಚೂರಿಯಿಂದ ಹೆರೆದು, ನೆನೆಸಿದ ಅಕ್ಕಿಗೆ ಒಣಮೆಣಸು, ಕೊತ್ತಂಬರಿ, ಹುಣಸೆ, ಬೆಲ್ಲ, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿ, ಎಲೆಯ ಹಿಂಬದಿಗೆ ತೆಳುವಾಗಿ ಸವರಬೇಕು. ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಹೀಗೆ ನಾಲ್ಕೈದು ಎಲೆಯಾದ ಮೇಲೆ ಎರಡು ಅಂಚು ಮಡಚಿ ಸುರುಳಿ ಸುತ್ತಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಬೇಕು. ಹುಣಸೆಗೆ ಜಿಪುಣತನ ತೋರಿದರೆ ಗಂಟಲು ತುರಿಸುತ್ತದೆ.

ಸಂಜೆಯ ಹೊತ್ತಿಗೆ ಮನೆಯ ಯಜಮಾನರಲ್ಲಿ ಚಿಕ್ಕಮೇಳ ಬರುವುದುಂಟೇ ಎಂದು ಕೇಳಿ. ದೊಡ್ಡ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕೆಲವೇ ಕಲಾವಿದರು ತಂಡ ಕಟ್ಟಿ ಮನೆಮನೆಗೆ ಬಂದು, ಚಾವಡಿಯಲ್ಲೇ ಯಕ್ಷಗಾನದ ತುಣುಕೊಂದನ್ನು ಆಡಿ ಹೋಗುತ್ತಾರೆ. ಮಾರಿನ ದೂರದಲ್ಲಿ ಚಂಡೆ ಕೇಳುವ ಭಾಗ್ಯ ಮಕ್ಕಳಿಗೆ ಬೇರೆಲ್ಲೂ ಸಿಗದು. ಕಾಣಿಕೆಗೆ ಚಿಲ್ಲರೆ ಹುಡುಕದೆ ನೋಟನ್ನೇ ಇಡಿ.

ಹಿಂದಿರುಗುವ ದಿನಕ್ಕೂ ಕೆಲಸಕ್ಕೆ ಹಾಜರಾಗುವ ದಿನಕ್ಕೂ ನಡುವೆ ಒಂದು ದಿನ ಬಿಡುವಿರಲಿ, ಘಾಟಿ ಮುಚ್ಚಿದರೆ ಗಾಬರಿಪಡಬೇಕಾಗುವುದಿಲ್ಲ. ಒದ್ದೆ ಬಟ್ಟೆಗಳನ್ನು ಬೇರೆ ಚೀಲದಲ್ಲಿ ಕಟ್ಟಿ. ಮನೆ ತಲುಪಿದ ಕೂಡಲೇ ಅದನ್ನು ಬಿಚ್ಚಿ ಒಗೆಯಲು ಹಾಕಿ, ಕೊಡೆಗಳನ್ನು ಬಿಡಿಸಿಟ್ಟು, ಚರ್ಮದ ಬೆಲ್ಟು, ಪರ್ಸುಗಳನ್ನು ಒಣಬಟ್ಟೆಯಿಂದ ಒರೆಸಿ ಗಾಳಿಗೆ ಇಡಬೇಕು.