ದೋಣಿಯಲ್ಲಿ ನಮ್ಮ ಬಾವುಟಕ್ಕೆ ಜಾಗ ಎಲ್ಲಿ?

ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರ ಹ್ಯಾಂಬಲ್ ಅಂತ ಒಂದು ನದಿ ಇದೆ. ಇಬ್ಬರು ಸ್ನೇಹಿತರ ಜೊತೆ ಸೇರಿ ನಾನು ಕೊಂಡ 31 ಅಡಿಯ ಹಾಯಿದೋಣಿ ಅಲ್ಲೇ ನಿಂತಿರುತ್ತದೆ. ಮೊದಲ ವರ್ಷದ ನವೆಂಬರ್ 1ರಂದು ಬೆಳಿಗ್ಗೆಯೇ ಹೋಗಿ, ಊರಿಂದ ತಂದಿದ್ದ ಹಳದಿ-ಕೆಂಪು ಬಾವುಟವನ್ನು ಕಂಬದ ಬಲಗಡೆ ಏರಿಸಿದೆ. ರಾಜ್ಯೋತ್ಸವ ಅಲ್ವಾ, ಮನಸ್ಸು ತುಂಬಿ ಬಂದಿತ್ತು. ಹತ್ತು ನಿಮಿಷ ಆಗಿರಲಿಲ್ಲ, ಪಕ್ಕದ ದೋಣಿಯ ಹಿರಿಯರೊಬ್ಬರು ಓಡಿ ಬಂದರು. “ನಿಮ್ಮವರು ಯಾರಾದರೂ ನೀರಿಗೆ ಬಿದ್ದಿದ್ದಾರಾ?” ಅಂತ ಕೇಳಿದರು.

ಅವರು ನಿಜವಾಗಿಯೂ ಗಾಬರಿಯಾಗಿದ್ದರು. ಸಮುದ್ರದ ಸಂಕೇತ ಬಾವುಟಗಳಲ್ಲಿ ‘ಓ’ ಅಕ್ಷರದ್ದು ಕೆಂಪು-ಹಳದಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು ಬಣ್ಣ. ಮನುಷ್ಯ ನೀರಿಗೆ ಬಿದ್ದಿದ್ದಾನೆ ಅಂತ ಅದರ ಅರ್ಥ. ನಮ್ಮದರಲ್ಲಿ ಬಣ್ಣ ಅಡ್ಡಡ್ಡ, ಮೇಲೆ ಅರಿಶಿನ, ಕೆಳಗೆ ಕುಂಕುಮ. ಆದರೆ ಗಾಳಿ ಇಲ್ಲದೆ ಬಟ್ಟೆ ಮುದುಡಿ ನೇತಾಡುವಾಗ ದೂರದಿಂದ ನೋಡುವವರಿಗೆ ಈ ವ್ಯತ್ಯಾಸ ಎಲ್ಲಿ ಕಾಣಬೇಕು? ಬರೀ ಹಳದಿ ಕಂಡರೂ ತೊಂದರೆಯೇ. ಪೂರ್ತಿ ಹಳದಿ ಬಾವುಟಕ್ಕೆ ‘ಕ್ಯೂ’ ಅನ್ನುತ್ತಾರೆ. ಹೊರದೇಶದಿಂದ ಈಗಷ್ಟೇ ಬಂದಿದ್ದೇವೆ, ತಪಾಸಣೆ ಇನ್ನೂ ಆಗಿಲ್ಲ ಅಂತ ಹೇಳುವ ಬಾವುಟ ಅದು. ಅದನ್ನು ಏರಿಸುವುದೂ ಸಾಮಾನ್ಯವಾಗಿ ಅದೇ ಬಲಗಡೆಗೆ.

ಬಾವುಟ ಇಳಿಸಿ ಮಡಚಿಟ್ಟೆ. ತುಂಬಾ ಬೇಜಾರಾಯಿತು. ಮುಂದಿನ ವರ್ಷ ಸರಿಯಾಗಿ ಕಲಿತು, ಸರಿಯಾದ ಜಾಗದಲ್ಲೇ ಹಾರಿಸಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ದೋಣಿಯಲ್ಲಿ ಎಲ್ಲಕ್ಕಿಂತ ಗೌರವದ ಜಾಗ ಕಂಬದ ತುದಿ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಅದು ಹಿಂಭಾಗ. ಅಲ್ಲಿನ ಕೋಲಿಗೆ ದೋಣಿಯ ದೇಶದ ಬಾವುಟ ಕಟ್ಟಬೇಕು. ಓಡಿಸುವವನ ದೇಶ ಯಾವುದಾದರೂ ಆಗಲಿ, ಅದು ಇಲ್ಲಿ ಲೆಕ್ಕಕ್ಕಿಲ್ಲ. ಬ್ರಿಟನ್ನಿನ ಸಾಮಾನ್ಯ ಖಾಸಗಿ ದೋಣಿಗೆ ಅದು ರೆಡ್ ಎನ್‌ಸೈನ್: ಕೆಂಪು ಬಟ್ಟೆ, ಮೇಲಿನ ಮೂಲೆಯಲ್ಲಿ ಬ್ರಿಟನ್ನಿನ ರಾಷ್ಟ್ರಧ್ವಜ ಯೂನಿಯನ್ ಜ್ಯಾಕ್. ಬರೀ ಯೂನಿಯನ್ ಜ್ಯಾಕ್ ಹಾರಿಸಿದರೆ ಕಾನೂನಿನ ಪ್ರಕಾರ ತಪ್ಪು. ಅಳತೆಗೆ ಹಳೆಯ ಲೆಕ್ಕ ಒಂದಿದೆ, ದೋಣಿಯ ಒಂದು ಅಡಿಗೆ ಬಾವುಟ ಒಂದು ಇಂಚು. ನಾವು ಒಂದು ಗಜದ್ದು ತಂದೆವು. ಅಚ್ಚು ಹಾಕಿದ್ದು ಅಗ್ಗಕ್ಕೆ ಸಿಗುತ್ತದೆ, ಆದರೂ ಹೊಲಿದದ್ದನ್ನೇ ತಗೊಳ್ಳಿ ಅನ್ನುತ್ತೇನೆ. ಗಾಳಿಗೆ ಅಂಚು ಎಳೆ ಬಿಟ್ಟಾಗ ಒಂದಿಂಚು ಕತ್ತರಿಸಿ ಮತ್ತೆ ಮಡಚಿ ಹೊಲಿಯಬಹುದು. ನಮ್ಮದು ಹಾಗೇ ಮೂರು ವರ್ಷ ಬಾಳಿತು.

ಕಂಬದ ಎರಡೂ ಬದಿಗೆ ತೋಳಿನ ಹಾಗೆ ಚಾಚಿದ ಸ್ಪ್ರೆಡರ್‌ಗಳಿರುತ್ತವೆ, ಬಾವುಟ ಏರಿಸುವ ಹಗ್ಗ ಅಲ್ಲಿನ ರಾಟೆಯಿಂದ ಇಳಿದಿರುತ್ತದೆ. ಬಲಗಡೆಯದು ನಾವು ಹೋದ ದೇಶದ ಬಾವುಟಕ್ಕೆ ಮೀಸಲು. ಅದೇ ಹಗ್ಗದಲ್ಲಿ ಅದರ ಮೇಲೆ ಬೇರೆ ಯಾವುದೂ ಇರಬಾರದು. ದೋಣಿ ಕ್ಲಬ್ಬಿನದು, ಊರಿನದು, ಸ್ವಂತದ್ದು ಸಾಮಾನ್ಯವಾಗಿ ಎಡಗಡೆಗೆ. ನನಗೆ ಬೇಕಾಗಿದ್ದ ಉತ್ತರ ಅಲ್ಲಿತ್ತು.

ಮುಂದಿನ ಬೇಸಿಗೆಯಲ್ಲಿ ಫ್ರಾನ್ಸಿನ ಶೆರ್‌ಬೂರ್‌ಗೆ ಹೋದೆವು. ಐಲ್ ಆಫ್ ವೈಟ್ ದ್ವೀಪದ ಪಶ್ಚಿಮ ತುದಿಯಿಂದ ಸುಮಾರು 60 ನಾಟಿಕಲ್ ಮೈಲಿ, ನಮ್ಮ ದೋಣಿಗೆ ಹನ್ನೆರಡು ಗಂಟೆಯ ದಾರಿ. ಫ್ರಾನ್ಸಿನ ಬಾವುಟ ಕಟ್ಟುವುದು ಸುಲಭ. ನೀಲಿ ಹಗ್ಗದ ಕಡೆಗಿದ್ದರೆ ಸಾಕು, ಮೇಲೆ-ಕೆಳಗೆ ಆಗುವ ಭಯವಿಲ್ಲ. ರೆಡ್ ಎನ್‌ಸೈನ್‌ನಲ್ಲಿ ಹಾಗಲ್ಲ. ತಲೆಕೆಳಗಾದರೆ ಅಪಾಯದಲ್ಲಿದ್ದೇವೆ ಅನ್ನುವ ಅರ್ಥ ಬರುತ್ತದೆ. ಇಲ್ಲಿಯ ಬಾವುಟಗಳ ಅಂಚಿನಲ್ಲಿ ಹೊಲಿದ ಹಗ್ಗದ ಮೇಲಿನ ತುದಿಗೆ ಮರದ ಒಂದು ಪುಟ್ಟ ಗೂಟ ಇರುತ್ತದೆ. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಗೂಟ ಸಿಕ್ಕಿದ ಕಡೆ ಮೇಲೆ. ಅದನ್ನು ಏರಿಸುವ ಹಗ್ಗದ ಕುಣಿಕೆಗೆ ತೂರಿಸಿ, ಕೆಳಗಿನ ಬಾಲವನ್ನು ಹಗ್ಗದ ಇನ್ನೊಂದು ತುದಿಗೆ ಗಂಟು ಹಾಕಬೇಕು. ಆಮೇಲೆ ಗೂಟ ರಾಟೆಗೆ ತಾಗುವವರೆಗೂ ಎಳೆಯಬೇಕು. ನಡುವೆ ಒಂದು ಗೇಣು ಬಿಟ್ಟರೂ ಅರ್ಧಕ್ಕೆ ಇಳಿಸಿದ ಶೋಕದ ಬಾವುಟದ ಹಾಗೆ ಕಾಣುತ್ತದೆ.

ವಾಪಸ್ ಬರುವಾಗ ಎಡವಿದ್ದು ನಾನೇ. ಬ್ರಿಟನ್ನಿನ 12 ಮೈಲಿಯ ಗಡಿ ದಾಟಿದ ಕೂಡಲೇ ‘ಕ್ಯೂ’ ಏರಿಸಬೇಕು. 2021ರಿಂದ ಯುರೋಪಿನಿಂದ ಬರುವವರಿಗೂ ಇದು ಕಡ್ಡಾಯ. ಫ್ರಾನ್ಸಿನದನ್ನು ಇಳಿಸಿ ಬಿಚ್ಚುತ್ತಿದ್ದೆ, ಕೈ ಮರಗಟ್ಟಿತ್ತು, ಅಲೆಗೆ ದೋಣಿ ವಾಲಿತು. ಹಗ್ಗದ ಒಂದು ತುದಿ ಕೈತಪ್ಪಿ ಸರ್ರನೆ ರಾಟೆಯವರೆಗೂ ಏರಿಹೋಯಿತು. ನಡುಸಮುದ್ರದಲ್ಲಿ ಕಂಬ ಹತ್ತುವುದು ಆಗದ ಮಾತು. ಹಳದಿಯನ್ನು ಎಡಗಡೆಯ ಹಗ್ಗಕ್ಕೇ ಏರಿಸಿದೆವು. ಚೆನ್ನಾಗಿ ಕಾಣುವಂತಿರುವುದು ಮುಖ್ಯ. ಮರುದಿನ ದಡದಲ್ಲಿ ಸ್ನೇಹಿತರು ನನ್ನನ್ನು ಬೋಸನ್ ಚೇರ್ ಅನ್ನುವ ತೂಗುಕುರ್ಚಿಯಲ್ಲಿ ಕೂರಿಸಿ ಮೇಲೆತ್ತಿದರು, ಹಗ್ಗ ಹಿಡಿದು ತಂದೆ. ಈಗ ಬಾವುಟ ಬಿಚ್ಚುವ ಮೊದಲು ಎರಡೂ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತೇನೆ.

ಆ ವರ್ಷದ ಆಗಸ್ಟ್ 15ಕ್ಕೆ ತ್ರಿವರ್ಣ ಹಾರಿಸಿದೆವು, ಅದೂ ಎಡಗಡೆಗೇ. ಅದಕ್ಕಿಂತ ಮೇಲೆ ಬೇರೆ ಬಾವುಟ ಇರಬಾರದು, ನೀರಿಗೆ ತಾಗಬಾರದು ಅಂತ ನಮ್ಮ ಧ್ವಜ ಸಂಹಿತೆ ಹೇಳುತ್ತದೆ. ಹಾಗಾಗಿ ಕ್ಲಬ್ಬಿನ ಬಾವುಟವನ್ನು ಮೊದಲೇ ಇಳಿಸಿದ್ದೆ. ಕೇಸರಿ ಮೇಲಿದೆಯಾ ಅಂತ ಎರಡು ಸಲ ನೋಡಿಯೇ ಹಗ್ಗ ಎಳೆದದ್ದು.

ಮತ್ತೆ ನವೆಂಬರ್ 1 ಬಂತು. ಇಲ್ಲಿ ಬಾವುಟ ಏರಿಸುವುದು ಬೆಳಿಗ್ಗೆ 8ಕ್ಕೆ. ಚಳಿಗಾಲದಲ್ಲಿ ಮಾತ್ರ 9ಕ್ಕೆ. ಆ ಚಳಿಗಾಲದ ಸಮಯ ಶುರುವಾಗುವುದೂ ಸರಿಯಾಗಿ ನವೆಂಬರ್ 1ರಿಂದಲೇ, ಫೆಬ್ರವರಿ 14ರವರೆಗೆ. ಇದು ಗೊತ್ತಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಸರಿಯಾಗಿ 9 ಗಂಟೆಗೆ, ಮೊದಲು ಹಿಂಭಾಗದಲ್ಲಿ ರೆಡ್ ಎನ್‌ಸೈನ್, ಆಮೇಲೆ ಎಡಗಡೆಗೆ ಅರಿಶಿನ-ಕುಂಕುಮ. ಗಾಳಿ ಇದ್ದ ದಿನ, ಎರಡು ಬಣ್ಣವೂ ಅಗಲವಾಗಿ ಬಿಚ್ಚಿ ಹಾರಿದವು. ಪಕ್ಕದ ದೋಣಿಯ ಹಿರಿಯರು ಬಂದು ಮೇಲೆ ನೋಡಿದರು. ಇದು ಯಾವ ಊರಿನದು ಅಂತ ಕೇಳಿದರು. ಟೀ ಮಾಡಿ ಕೊಟ್ಟು, ಮ. ರಾಮಮೂರ್ತಿಯವರು ಇದನ್ನು ರೂಪಿಸಿದ್ದು, ಈ ದಿನ ನಮಗೆ ಏನು ಅನ್ನುವುದು, ಎಲ್ಲಾ ಹೇಳಿದೆ.

ನವೆಂಬರ್ ಶುರುವಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಎರಡನ್ನೂ ಇಳಿಸಿ, ಸಿಹಿನೀರಿನಲ್ಲಿ ಉಪ್ಪು ತೊಳೆದು, ಒಳಗೆ ಹಗ್ಗ ಕಟ್ಟಿ ಒಣಗಲು ಹಾಕಿದೆ.